ಬರೀ ನೀರು ಸಾಕಿದ ತಿಂಗಳು

ಮೊದಲ ಒಂದು ತಿಂಗಳು ನಾವು
ಬರೀ ನೀರು ಸಾಕಿದೆವು.

ಗ್ರೀನ್ ಸ್ಟ್ರೀಟಿನ ಹಲ್ಲಿನ ಡಾಕ್ಟರು
ದವಾಖಾನೆ ಮುಚ್ಚುವಾಗ ಮಾರಿದ ಗಾಜಿನ ಟ್ಯಾಂಕು,
ಮೂರಡಿ ಉದ್ದ, ಒಂದು ಮೂಲೆ ಸೋರುತ್ತಿತ್ತು.
ರೋಹಿದಾಸನ ಟೆಂಪೋದಲ್ಲಿ
ತಾರ್ಲಿ ಬುಟ್ಟಿಗಳ ನಡುವೆ
ಮದುಮಗಳಂತೆ ಮುದುಡಿ ಕೂತು
ಕೋಡಿಬಾಗಕ್ಕೆ ಬಂತು.

ಸಮುದ್ರದ ಬಾಯಲ್ಲೇ ಮನೆ.
ಶಿವರಾತ್ರಿ ದಾಟಿದರೆ ನಮ್ಮ ಬಾವಿಯೂ ಉಪ್ಪು.
ಸಿದ್ಧರದ ನಾದಿನಿಯ ಮನೆಯಿಂದ
ಹದಿನೆಂಟು ಕೊಡ ಸೀ ನೀರು ತಂದೆವು,
ಇನ್ನೂ ಬಾರದ ಒಂದು ಜೀವಕ್ಕೆ.

ಅಕ್ಕನ ಮಗ ಮಂದಾರ
ಅದರೊಳಗೊಂದು ಶೆಟ್ಲಿ ಹಾಕಿ
ಕೊಳೆಯಲು ಬಿಟ್ಟ.
ಕಿಲೋಗೆ ನಾನೂರರ ಶೆಟ್ಲಿ!
ಬೈದೆ. ಅವನು ನಕ್ಕ.
ನೀರು ಹಣ್ಣಾಗಬೇಕು ಮಾವಶಿ, ಅಂದ.
ದಿನಾ ಸಂಜೆ ಒಂದು ನಳಿಕೆಯಲ್ಲಿ ನೀರು ತೆಗೆದು
ಎರಡು ಹನಿ ಔಷಧ ಬಿಟ್ಟು ಬೆಳಕಿಗೆ ಹಿಡಿಯುತ್ತಿದ್ದ:
ಹಸಿರಾದರೆ ಇನ್ನೂ ವಿಷ,
ಹಳದಿಗೆ ತಿರುಗಿದರೆ ಸರಿ.
ಅಷ್ಟೇ ತಾನೆ, ಮಾವಿನ ಲೆಕ್ಕ.

ಪಕ್ಕದ ಶಾಂತೇರಿ ದಿನಾ ಬಂದು ಇಣುಕುವಳು.
ಮೀನೆಲ್ಲಿ ಗೋ?
ಬರಬೇಕು.
ಎಲ್ಲಿಂದ?
ಮಡಗಾಂವಿಂದ, ರೈಲಲ್ಲಿ.
ಅವಳು ಹೋಗಿ ಇಡೀ ಕೇರಿಗೆ ಹೇಳಿದಳು:
ಮೀನು ಮಾರುವವಳಿಗೆ ಮೀನಿನ ಬರ ಬಂದಿದೆ.

ಬಂತು ಕೊನೆಗೆ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ.
ಆಕ್ಸೊಲಾಟಲ್ ಅಂತ ಹೆಸರು.
ನನ್ನ ನಾಲಿಗೆ ಹೊರಳಲಿಲ್ಲ.
ಮೀನಲ್ಲ, ಹಲ್ಲಿಯಲ್ಲ,
ಹಾಲಿನ ಕೆನೆಗೆ ನಾಲ್ಕು ಕಾಲು ಬಂದ ಹಾಗೆ.

ಮೂವತ್ತೊಂದು ವರ್ಷ ಪೇಟೆಯಲ್ಲಿ
ನನ್ನ ಹೆಬ್ಬೆರಳು ಮಾಡಿದ್ದು ಒಂದೇ ಕೆಲಸ:
ಕಿವಿರಿನ ಮುಚ್ಚಳ ಎತ್ತಿ
ಒಳಗಿನ ಕೆಂಪು ತೋರಿಸುವುದು.
ಇದಕ್ಕೆ ಮುಚ್ಚಳವೇ ಇಲ್ಲ.
ಇದ್ದ ಕೆಂಪನ್ನೆಲ್ಲ ಹೊರಗೆ ತಂದು
ಅಬ್ಬಲಿಗೆ ದಂಡೆಯ ಹಾಗೆ
ತಲೆಯ ಎರಡೂ ಬದಿ ಮುಡಿದಿದೆ.
ತಾಜಾ ಹೌದೋ ಅಲ್ಲವೋ
ಯಾರೂ ಕೇಳುವಂತಿಲ್ಲ.

ರೆಪ್ಪೆ ಇಲ್ಲವಂತೆ, ಬೆಳಕು ಆಗದು.
ಹುಳಿ ಹಿಡಿದ ಮೀನ್ಸಾರಿನ ಮಡಕೆ
ಒಡೆದದ್ದು ಕೊಟ್ಟೆ, ಒಳಗೆ ಹೋಗಿ ಕೂತಿತು.
ಸೆಳೆತವೂ ಆಗದು.
ಫಿಲ್ಟರಿನ ಮೂತಿಯನ್ನು
ಗೋಡೆಗೆ ತಿರುಗಿಸಿಟ್ಟ ಮಂದಾರ.
ಕಾಲು ತುಂಡಾದರೂ ಮತ್ತೆ ಹುಟ್ಟುತ್ತದೆ, ಗೊತ್ತಾ, ಅಂದ.
ಬೋಟಿನ ವಿಂಚಿಗೆ ಎರಡು ಬೆರಳು ಕೊಟ್ಟ ರೋಹಿದಾಸ
ಬಲಗೈ ಕಿಸೆಯಿಂದ ತೆಗೆಯಲಿಲ್ಲ.
ಚಹಾ ಮುಗಿದ ಮೇಲೆ ಕೇಳಿದ,
ಎಷ್ಟು ದಿನ ಬೇಕಂತೆ?

ಏಪ್ರಿಲಿನಲ್ಲಿ ಒಂದು ರಾತ್ರಿ ಕರೆಂಟು ಹೋಯಿತು.
ಫ್ಯಾನು ನಿಂತಿತು, ಫ್ರಿಜ್ಜಿನ ಬಾಟಲಿಗಳು ಬೆವರಿ ಕರಗಿದವು.
ಟಾರ್ಚಿನಲ್ಲಿ ನೋಡಿದರೆ
ಹದಿನೆಂಟಿರಬೇಕಾದ ನೀರು ಇಪ್ಪತ್ತೇಳು.
ಅಬ್ಬಲಿಗೆ ಮುಂದಕ್ಕೆ ಮುರುಟಿತ್ತು.

ಮಂದಾರನ ಸ್ಕೂಟರಿನ ಹಿಂದೆ ಬುಟ್ಟಿ ಹಿಡಿದು
ಎರಡು ಗಂಟೆಗೆ ಬೈತಕೋಲಿಗೆ ಹೋದೆ.
ಬರ್ಫಿನ ಕಾರ್ಖಾನೆಯ ಕಾವಲಿನವ ಕಣ್ಣುಜ್ಜಿ ಕೇಳಿದ,
ಯಾವ ಬೋಟಿಗೆ?
ಬೋಟಿಗಲ್ಲ, ಮನೆಗೆ.
ಅವನು ಟೊಪ್ಪಿ ತೆಗೆದ. ದನಿ ಇಳಿಸಿದ.
ಯಾರು ಹೋದರು, ಬಾಯಿ?

ಯಾರೂ ಹೋಗಿಲ್ಲ, ಅಂದೆ.
ಒಂದು ಇದೆ.

ಎಷ್ಟು ಹೊತ್ತಿದ್ದೇನೆ ಬರ್ಫು ಈ ತಲೆಯ ಮೇಲೆ,
ಕಿವಿಯ ಹಿಂದೆ ಇಳಿದ ತಣ್ಣೀರು ಎಷ್ಟು.
ಎಲ್ಲವೂ ಸತ್ತದ್ದು ಕೊಳೆಯದಿರಲಿ ಎಂದು.

ಚೂರು ಮಾಡಿ, ಬಾಟಲಿಗೆ ತುಂಬಿ, ತೇಲಿಬಿಟ್ಟು
ಮೂವರೂ ನೆಲಕ್ಕೆ ಕೂತೆವು.
ಇಪ್ಪತ್ನಾಲ್ಕು.
ಇಪ್ಪತ್ತೆರಡು, ಅಷ್ಟರಲ್ಲಿ ಮಸೀದಿಯ ಬಾಂಗು.
ಇಪ್ಪತ್ತಕ್ಕೆ ಒಂದೊಂದೇ ಎಳೆ ಬಿಚ್ಚಿ
ದಂಡೆ ಹಿಂದಕ್ಕೆ ಸರಿಯಿತು.
ಎರೆಹುಳು ಕೊಟ್ಟರೆ ಮುಖ ತಿರುಗಿಸಿತು.
ಸೊಕ್ಕು ಬಂದಿದೆ, ಬದುಕಿತು, ಅಂದ ರೋಹಿದಾಸ.

ಉಳಿದ ಬರ್ಫನ್ನು ಬುಟ್ಟಿಯಲ್ಲೇ ಪೇಟೆಗೆ ಒಯ್ದು
ಬಂಗಡೆಯ ಮೇಲೆ ಒಡೆದು ಹರಡಿದೆ.
ಅದೇ ಬರ್ಫು.
ಕಾವಲಿನವ ಮಾತ್ರ
ಅದರ ದುಡ್ಡು ಇನ್ನೂ ಕೇಳಿಲ್ಲ.